ದಿನಚರಿಯ ಶುದ್ಧ ಪ್ರತಿ

ಭಾನುವಾರ, ಮಾರ್ಚ್ ೧೦

ಪ್ರೀತಿಯ ಗುಬ್ಬಿಗೆ, ಅಮ್ಮನ ಆಶೀರ್ವಾದಗಳು.

ನಿನ್ನ ಸೋದರಮಾವ ಕಳೆದ ತಿಂಗಳು ಫೋನಿನಲ್ಲಿ ನಿನಗೆ ಹೇಳಿದ ವೃತ್ತಾಂತದಲ್ಲಿ ಮೂರು ತಪ್ಪುಗಳಿವೆ. ನಾನು ಬಚ್ಚಲುಮನೆಯಲ್ಲಿ ಬಿದ್ದದ್ದು ಮಂಗಳವಾರ, ಬುಧವಾರವಲ್ಲ. ನನ್ನನ್ನು ಆಸ್ಪತ್ರೆಗೆ ಹೊತ್ತೊಯ್ದವನು ಅವನೊಬ್ಬನೇ ಅಲ್ಲ; ಕೆಳಮನೆಯ ದರ್ಜಿ ನನ್ನ ಕಾಲು ಹಿಡಿದಿದ್ದ, ನಿನ್ನ ಮಾವ ಹೆಚ್ಚು ಹೊತ್ತು ಬೀಗದ ಕೈ ಹುಡುಕುತ್ತಿದ್ದ. ಇವೆರಡನ್ನೂ ಮನ್ನಿಸಬಹುದು. ಮೂರನೆಯದನ್ನು ಮನ್ನಿಸಲಾಗದು. ನಾನು ಆ ಸ್ಥಿತಿಗೆ ಬಂದದ್ದು ಸಂಶೋಧನಾ ವಿಭಾಗದ ನರ್ಸಿನ ಅಲಕ್ಷ್ಯದಿಂದ ಎಂದು ಅವನು ಹೇಳಿದ, ನೀನು ನಂಬಿದೆ, ನನ್ನನ್ನು ಒಂದು ಮಾತು ಕೇಳದೆ ಆಸ್ಪತ್ರೆಯ ನೈತಿಕ ಸಮಿತಿಗೆ ದೂರು ಬರೆದೆ.

ಸಮಿತಿಯ ಕರೆಪತ್ರವೂ ನಿನ್ನ ದೂರಿನ ಪ್ರತಿಯೂ ನಿನ್ನೆ ನನ್ನ ಕೈ ಸೇರಿದವು. ನಾಳೆ ಹನ್ನೊಂದು ಗಂಟೆಗೆ ವಿಚಾರಣೆ. ಖುದ್ದಾಗಿ ಬನ್ನಿ, ಇಲ್ಲವೇ ಲಿಖಿತ ಹೇಳಿಕೆ ಕಳುಹಿಸಿ ಎಂದಿದ್ದಾರೆ. ಆ ಹೆಣ್ಣುಮಗಳ ಕೆಲಸ ಉಳಿಯುವುದೋ ಹೋಗುವುದೋ ಅಲ್ಲಿ ತೀರ್ಮಾನವಾಗುತ್ತದೆ. ನಿನ್ನ ದೂರಿನಲ್ಲಿ ಭಾಷಾದೋಷ ಒಂದೂ ಇಲ್ಲ. ಓದುವಾಗ ಹೆಮ್ಮೆಯೂ ಆಯಿತು. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗಿದೆ, ಮಗಳೇ. ಎತ್ತು ಯಾವುದೆಂದು ಹೇಳುತ್ತೇನೆ.

ಕಳೆದ ವರ್ಷ ನಿನಗೆ 'ಸಣ್ಣ ಗಂಟು' ಎಂದಷ್ಟೇ ತಿಳಿಸಿದ್ದೆ. ಅದು ಗುದನಾಳದ ಕ್ಯಾನ್ಸರ್. ಮೊದಲು ನೋಡಿದ ಶಸ್ತ್ರವೈದ್ಯರು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು: ವಿಕಿರಣ ಚಿಕಿತ್ಸೆ, ಆಮೇಲೆ ಆ ಭಾಗವನ್ನೇ ತೆಗೆಯುವುದು, ಆಮೇಲೆ ಬದುಕಿರುವಷ್ಟು ಕಾಲ ಹೊಟ್ಟೆಯ ಮೇಲೊಂದು ಚೀಲ. ಸಾವಿರಾರು ಜನ ಆ ಚೀಲದೊಂದಿಗೆ ಮರ್ಯಾದೆಯಿಂದ ಬಾಳುತ್ತಿದ್ದಾರೆಂದು ನನಗೆ ಗೊತ್ತು. ಗೊತ್ತಿದ್ದೂ ಮೂರು ದಿನ ಊಟ ಸೇರಲಿಲ್ಲ.

ಆಗ ಸಂಶೋಧನಾ ವಿಭಾಗದ ಹಿರಿಯ ಡಾಕ್ಟರು ಗಂಟಿನ ಚೂರನ್ನು ಮತ್ತೊಂದು ಪರೀಕ್ಷೆಗೆ ಕಳುಹಿಸಿದರು. ನೂರರಲ್ಲಿ ಕೆಲವೇ ಮಂದಿಯ ಗಂಟಿನಲ್ಲಿ ಕಾಣುವ ಒಂದು ಲಕ್ಷಣ ನನ್ನದರಲ್ಲಿ ಇತ್ತು. ಅಂಥವರಿಗಾಗಿ ಒಂದು ಹೊಸ ಔಷಧದ ಪ್ರಯೋಗ ನಡೆಯುತ್ತಿತ್ತು. ದೇಹದ ಕಾವಲನ್ನೇ ಎಬ್ಬಿಸಿ ಗಂಟಿನ ಮೇಲೆ ಬಿಡುವ ಔಷಧ. ಮೂರು ವಾರಕ್ಕೊಮ್ಮೆ ನರದೊಳಗೆ, ಆರು ತಿಂಗಳು. ಗಂಟು ಮಾಯವಾದರೆ ಕತ್ತರಿ ಬೇಡ, ಕಾದು ನೋಡುತ್ತಿರುವುದು. ಮಾಯವಾಗದಿದ್ದರೆ ಶಸ್ತ್ರಚಿಕಿತ್ಸೆ ಇದ್ದೇ ಇದೆ. 'ಭರವಸೆ ಕೊಡಲ್ಲಮ್ಮ, ಗೊತ್ತಿಲ್ಲ ಅಂತಾನೇ ಪ್ರಯೋಗ ಮಾಡ್ತಿರೋದು' ಎಂದರು. ಅಷ್ಟು ನೇರವಾಗಿ ತನಗೆ ಗೊತ್ತಿಲ್ಲವೆಂದು ಹೇಳಿದ ವಿದ್ಯಾವಂತರನ್ನು ನಾನು ಹೆಚ್ಚು ಕಂಡಿಲ್ಲ. ಒಪ್ಪಿದೆ.

ಒಪ್ಪಿಗೆ ಪತ್ರ ಹದಿನೆಂಟು ಪುಟ. ಮನೆಗೆ ಒಯ್ದು ಓದಿ, ಇಪ್ಪತ್ತೆರಡು ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ ಒಪ್ಪಿಸಿದೆ. ನಿನ್ನ ದೂರಿನ ಆ ನರ್ಸು ತಲೆಯ ಮೇಲೆ ಕೈ ಹೊತ್ತಳು. 'ಅಯ್ಯೋ ಮೇಡಂ, ಇದರಲ್ಲಿ ಒಂದು ಚುಕ್ಕಿ ಬದಲಾಯಿಸೋಕೂ ಸಮಿತಿ ಒಪ್ಪಬೇಕು! ನೀವು ಪರೀಕ್ಷೆ ಪೇಪರ್ ನೋಡಿದ ಹಾಗೆ ನೋಡಿದ್ದೀರಲ್ಲ. ಪಾಸಾದ್ವಾ, ಫೇಲಾ?' ಎಂದಳು. ಜಸ್ಟ್ ಪಾಸ್ ಎಂದೆ. ನಗುತ್ತಲೇ ಹೊಸ ಪ್ರತಿ ತಂದು ರುಜು ಹಾಕಿಸಿಕೊಂಡಳು. ಮೂವತ್ತು ದಾಟಿರದ ಹುಡುಗಿ. ಚಹಾ ಆರುವವರೆಗೂ ಅವಳಿಗೆ ಕುಳಿತುಕೊಳ್ಳಲು ಬಿಡುವಿಲ್ಲ.

ಅವಳು ನನಗೊಂದು ದಿನಚರಿ ಕೊಟ್ಟಳು. ದಿನಕ್ಕೆ ಎಷ್ಟು ಬಾರಿ ಶೌಚ, ಗಟ್ಟಿಯೋ ನೀರೋ, ರಕ್ತ ಇದೆಯೋ ಇಲ್ಲವೋ, ನೋವು ಹತ್ತರಲ್ಲಿ ಎಷ್ಟು. 'ಸಂಕೋಚ ಬೇಡ ಮೇಡಂ, ಇದ್ದದ್ದು ಇದ್ದ ಹಾಗೆ. ಮಾಮೂಲಿಗಿಂತ ನಾಲ್ಕು ಸಲ ಜಾಸ್ತಿ ಆದ್ರೆ ಆವತ್ತೇ ಫೋನ್ ಮಾಡಿ. ಎಬ್ಬಿಸಿದ ಕಾವಲು ಕರುಳನ್ನೇ ಕಚ್ಚಬಹುದು' ಎಂದು ಎರಡು ಬಾರಿ ಹೇಳಿ, ನನ್ನಿಂದ ಒಮ್ಮೆ ಹೇಳಿಸಿದಳು. ಒಳ್ಳೆಯ ಉಪಾಧ್ಯಾಯರು ಮಾಡುವುದೂ ಅದನ್ನೇ.

ನಾಲ್ಕನೆಯ ಸರದಿಯಾದ ಐದನೆಯ ದಿನ ಭೇದಿ ಶುರುವಾಯಿತು. ನಾನು ಏನನ್ನೂ ಮೊದಲು ಕರಡು ಬರೆಯದೆ ಶುದ್ಧ ಪ್ರತಿ ಬರೆದವಳಲ್ಲ; ನಿನಗೂ ಹಾಗೆಯೇ ಕಲಿಸಿದ್ದೇನೆ. ಕರಡು ಪುಸ್ತಕದಲ್ಲಿ ಬರೆದೆ: ಆರು ಬಾರಿ, ನೀರು. ಮರುದಿನ ಎಂಟು ಬಾರಿ, ರಕ್ತ. ಅದನ್ನು ದಿನಚರಿಗೆ ಇಳಿಸಲು ಕೂತಾಗ ಕೈ ನಿಂತಿತು. ದುಂಡಗಿನ ಅಕ್ಷರಗಳಲ್ಲಿ ಬರೆದೆ: ಎರಡು ಬಾರಿ, ಸಾಧಾರಣ. ಹನ್ನೊಂದು ದಿನ ಹಾಗೆಯೇ ಬರೆದೆ. ಪ್ರತಿ ಶುಕ್ರವಾರ ಅವಳು ತಪ್ಪದೆ ಫೋನ್ ಮಾಡಿ ಹೊಟ್ಟೆಯ ವಿಚಾರವನ್ನು ಬಿಡಿಸಿ ಬಿಡಿಸಿ ಕೇಳುತ್ತಿದ್ದಳು. ಎಲ್ಲವೂ ವ್ಯವಸ್ಥಿತವಾಗಿದೆ ಎಂದು ಹೇಳಿ ಇಡುತ್ತಿದ್ದವಳು ನಾನು. ನಿನ್ನ ಮಾವ ಪಕ್ಕದ ಕೋಣೆಯಲ್ಲಿ ಕುಳಿತು ಕೇಳಿಸಿಕೊಂಡದ್ದು ಆ ಚುಟುಕು ಕರೆಗಳನ್ನು.

ಏಕೆ ಹಾಗೆ ಮಾಡಿದೆ? ನಾಚಿಕೆಯಿಂದ ಎಂದು ಬರೆದರೆ ಅರ್ಧ ಸತ್ಯ. ನಿಜ ತಿಳಿದರೆ ಪ್ರಯೋಗದಿಂದ ಹೊರಗೆ ಹಾಕುತ್ತಾರೆ, ಆಮೇಲೆ ಚೀಲವೇ ಗತಿ ಎಂಬ ಭಯ ಉಳಿದರ್ಧ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯಿತು.

ಬಚ್ಚಲಲ್ಲಿ ಬಿದ್ದದ್ದು ಹನ್ನೆರಡನೆಯ ದಿನ. ವಾರ್ಡಿನಲ್ಲಿ ಎಚ್ಚರವಾದಾಗ ಇಬ್ಬರು ಕಿರಿಯ ಡಾಕ್ಟರುಗಳು ನಿನ್ನ ಮಾವ ಜೊತೆಗೆ ತಂದಿದ್ದ ನನ್ನ ದಿನಚರಿ ನೋಡಿ, ನಿನ್ನೆಯವರೆಗೂ ಸರಿಯಿತ್ತಲ್ಲ, ಊಟದಲ್ಲಿ ಏನೋ ಏರುಪೇರಾಗಿರಬೇಕು ಎಂದು ಮಾತಾಡಿಕೊಳ್ಳುತ್ತಿದ್ದರು. ನರ್ಸು ಬಂದು ದಿನಚರಿಯನ್ನು ಕೈಗೆತ್ತಿಕೊಂಡಳು. ಪುಟ ತಿರುವಿದಳು. ನನ್ನ ಮುಖ ನೋಡಿದಳು. 'ಮೇಡಂ, ಬಚ್ಚಲಲ್ಲಿ ಬಿದ್ದು ಬರೋಷ್ಟು ಸುಸ್ತಾದವರು ಇಷ್ಟು ಚೊಕ್ಕವಾಗಿ ಬರೆಯಲ್ಲ. ಒಂದು ಕಾಟು ಇಲ್ಲ, ಒಂದು ತಿದ್ದು ಇಲ್ಲ. ಕರಡು ಎಲ್ಲಿದೆ?'

ನಲವತ್ತು ವರ್ಷ ಶಾಲೆಯಲ್ಲಿ ಎಷ್ಟೋ ಮಕ್ಕಳನ್ನು ಹೀಗೆಯೇ ಹಿಡಿದಿದ್ದೆ. ಸಿಕ್ಕಿಬಿದ್ದವರಿಗೆ ಹೇಗಿರುತ್ತದೆ ಎಂದು ಅಂದು ತಿಳಿಯಿತು. ಹೊಲಿಗೆ ಯಂತ್ರದ ಡ್ರಾಯರಿನಲ್ಲಿದೆ ಎಂದೆ. ನಿನ್ನ ಮಾವ ಓಡಿಹೋಗಿ ತಂದ. 'ಊರಿಗೆಲ್ಲ ಸುಳ್ಳು ಹೇಳಬೇಡಿ ಅಂತ ಪಾಠ ಮಾಡ್ದೋಳು ನೀನೇ ಅಲ್ವೇನೇ ಅಕ್ಕಾ?' ಎಂದು ಅಂದು ಛೇಡಿಸಿದವನು, ನಿನಗೆ ಹೇಳುವಾಗ ಅಕ್ಕನ ಮಾನ ಕಾಯಲು ಆ ಭಾಗವನ್ನೇ ಬಿಟ್ಟ.

ಕರಡಿನ ಲೆಕ್ಕ ಓದಿದ ಹಿರಿಯ ಡಾಕ್ಟರು ಗಂಟೆಯೊಳಗೆ ಸ್ಟೆರಾಯ್ಡ್ ಕೊಡಿಸಿದರು. ಇನ್ನೆರಡು ದಿನ ತಡವಾಗಿದ್ದರೆ ಕರುಳು ತೂತಾಗುತ್ತಿತ್ತಂತೆ. ನಾಲ್ಕನೆಯ ದಿನ ಭೇದಿ ನಿಂತಿತು. ನನ್ನನ್ನು ಹೊರಗೆ ಹಾಕುತ್ತೀರಾ ಎಂದು ನರ್ಸನ್ನು ಕೇಳಿದೆ. 'ಯಾಕೆ ಹಾಕ್ತೀವಿ? ಔಷಧ ಎಲ್ಲಿ ಕಚ್ಚುತ್ತೆ ಅಂತ ತಿಳ್ಕೊಳ್ಳೋದೂ ಇದೇ ಕೆಲಸ ಅಲ್ವಾ? ಸುಮ್ನೆ ಹೇಳಿದ್ರೆ ಆಗ್ತಿತ್ತು ಮೇಡಂ' ಎಂದಳು. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಕೆಲವು ವಾರ ಬಿಡುವು ಕೊಟ್ಟು ಔಷಧವನ್ನು ಮುಂದುವರಿಸಿದರು. ಜನವರಿಯಲ್ಲಿ ಕ್ಯಾಮೆರಾ ಹಾಕಿ ಪರದೆಯ ಮೇಲೆ ನನಗೂ ತೋರಿಸಿದರು: ಗಂಟಿದ್ದ ಜಾಗದಲ್ಲಿ ತೆಳುವಾದೊಂದು ಬಿಳಿ ಗೆರೆ, ಸುತ್ತಲೂ ಗುಲಾಬಿ ಬಣ್ಣದ ನುಣುಪು ಗೋಡೆ. ಗಂಟು ಇಲ್ಲ. ಚೀಲವೂ ಇಲ್ಲ. ಮೂರು ತಿಂಗಳಿಗೊಮ್ಮೆ ನೋಡುತ್ತಿರಬೇಕು, ಅಷ್ಟೆ. ಇವರೆಲ್ಲರ ಋಣ ನನ್ನ ಮೇಲಿದೆ. ಎಲ್ಲರಿಗಿಂತ ಹೆಚ್ಚಾಗಿ ಅವಳದು.

ದೂರಿಗೆ ಅವಳು ಕೊಟ್ಟ ಉತ್ತರವನ್ನೂ ಸಮಿತಿ ನನಗೆ ಕಳುಹಿಸಿದೆ. 'ವಾರವಾರ ವಿಚಾರಿಸಿದ್ದೇನೆ. ಇನ್ನೂ ಒತ್ತಿ ಕೇಳಬೇಕಿತ್ತು.' ಎರಡೇ ವಾಕ್ಯ. ರೋಗಿ ಸುಳ್ಳು ಹೇಳಿದರು ಎಂದು ಬರೆಯಲು ಅವಳಿಗೆ ಮನಸ್ಸು ಬಂದಿಲ್ಲ.

ಆದುದರಿಂದ 'ನಾನು ಒದಗಿಸಿದ ಮಾಹಿತಿ ಅಪೂರ್ಣವಾಗಿತ್ತು. ತಪ್ಪು ನರ್ಸಿನದಲ್ಲ' ಎಂದು ನಾಲ್ಕು ಸಾಲಿನ ಹೇಳಿಕೆ ಬರೆದಿದ್ದೇನೆ. ನಾಳೆ ನಿನ್ನ ಮಾವನ ಕೈಯಲ್ಲಿ ಕಳುಹಿಸುತ್ತೇನೆ. ಹೊಟ್ಟೆಯ ವಿವರಗಳು ಅಪರಿಚಿತರಿಗೆ ಬೇಕಿಲ್ಲ. ನಿನ್ನಿಂದ ಕೇಳುವುದು ಒಂದೇ: ಅವಳಿಗೆ ನಿನ್ನ ಸ್ವಂತ ಕೈಬರಹದಲ್ಲಿ ಕ್ಷಮೆ ಕೇಳಿ ಬರೆ. ನೀನು ದೂರು ಕೊಟ್ಟದ್ದು ನನ್ನ ಮೇಲಿನ ಪ್ರೀತಿಯಿಂದ. ಅದಕ್ಕೆ ನನಗೆ ಕೋಪವಿಲ್ಲ.

ಇಂತು, ಗುಣಮುಖಳಾಗಿರುವ,
ನಿನ್ನ ಅಮ್ಮ

ಮರೆತ ಮಾತು: ಇಂದು ಸೋಮವಾರ, ಮಧ್ಯಾಹ್ನ. ನಾಲ್ಕು ಸಾಲನ್ನು ನಿನ್ನ ಮಾವನ ಕೈಯಲ್ಲಿಟ್ಟ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ, ನಾನೂ ಹೋದೆ. ಅಧ್ಯಕ್ಷರು ಓದಿ, 'ಅಪೂರ್ಣ ಅಂದ್ರೆ ಏನಮ್ಮ? ಮರೆತ್ರಾ, ಇಲ್ಲ ಅವರು ಕೇಳಲಿಲ್ವಾ?' ಎಂದರು. ನರ್ಸು ತಲೆ ತಗ್ಗಿಸಿಕೊಂಡಿದ್ದಳು. ಅಂಚೆಗೆ ಹಾಕಲೆಂದು ಈ ಪತ್ರ ಕೈಚೀಲದಲ್ಲಿತ್ತು. ತೆಗೆದು ಮೊದಲ ಸಾಲಿನಿಂದ ಕೊನೆಯವರೆಗೂ ಗಟ್ಟಿಯಾಗಿ ಓದಿದೆ. ಎಂಟು ಬಾರಿ, ರಕ್ತ, ಒಂದನ್ನೂ ಬಿಡಲಿಲ್ಲ. ದೂರನ್ನು ವಜಾ ಮಾಡಿ ಮುಗಿಸಿದರು. ಎರಡು ಗಂಟೆಗೆ ಅವಳು ಕೆಲಸಕ್ಕೆ ಮರಳಿದಳು. ನೀನು ಅವಳಿಗೆ ಬರೆಯುವಾಗ ಯಾರಿಗೂ ಏನೂ ಗೊತ್ತಿಲ್ಲವೆಂದು ಭಾವಿಸಿ ಬರೆಯಬೇಡ. ಕೇಳಿದವರು: ಸಮಿತಿಯ ಅಧ್ಯಕ್ಷರು, ಹಿರಿಯ ಡಾಕ್ಟರು, ಒಬ್ಬ ವಕೀಲರು, ಔಷಧಶಾಸ್ತ್ರದ ಅಧ್ಯಾಪಕಿ, ಎಲ್ಲವನ್ನೂ ದಾಖಲಿಸಿಕೊಂಡ ಬೆರಳಚ್ಚುಗಾರ, ನಿನ್ನ ಸೋದರಮಾವ, ಆ ನರ್ಸು, ಮತ್ತು ನಾನು, ನಿಂತುಕೊಂಡು.