ಹೆಪ್ಪು ಕೇಳದ ಸಂಜೆ

ತಿಪಟೂರು, ೩ನೇ ತಾರೀಖು, ಶುಕ್ರವಾರ

ಪಕ್ಕದ ಮನೆಯ ಸುವರ್ಣಕ್ಕ ಇವತ್ತೂ ಕರಟ ಹಿಡಿದು ಹೆಪ್ಪು ಕೇಳಲು ಬರಲಿಲ್ಲ. ನಗರಸಭೆ ಚುನಾವಣೆಯಲ್ಲಿ ಸೋತವಳು ನಾನು, ಮುಖ ತಪ್ಪಿಸುತ್ತಿರುವವಳು ಅವಳು. “ನಾಹಿದಾ, ನಮ್ಮನೆ ವೋಟೆಲ್ಲಾ ನಿಂಗೇ ಕಣೇ” ಎಂದು ಕೈ ಹಿಡಿದು ಹೇಳಿದ್ದಳು. ಹಾಕಿಲ್ಲವೆಂದು ಈಗ ಅವಳ ಮುಖವೇ ಹೇಳುತ್ತಿದೆ. ಹಾಕದಿದ್ದರೆ ಬೇಡ, ಅದಕ್ಕೆ ಮಾತೂ ಬಿಡಬೇಕೇ?

ಸಂಜೆ ಅಂಗಡಿಯ ಮೊಸರಿನ ಪ್ಯಾಕೆಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬರುತ್ತಿದ್ದಳು. “ಮೊಸರು ನಮ್ಮನೇಲೇ ಇತ್ತಲ್ಲಕ್ಕಾ” ಎಂದೆ. “ಇರ್ಲಿ ಬುಡು” ಎಂದವಳು ತಲೆ ಎತ್ತದೆ ಒಳಗೆ ಹೋದಳು.

ಆಮೇಲೆ ನಾನೇ ಕರಟದಲ್ಲಿ ಹೆಪ್ಪು ಹಿಡಿದು ಅವಳ ಬಾಗಿಲವರೆಗೂ ಹೋದೆ. ವಾರ್ಡಿನ ಮನೆಮನೆಯ ಬಾಗಿಲು ತಟ್ಟಿದ ಕೈ ಅಲ್ಲಿ ಮಾತ್ರ ಏಳಲಿಲ್ಲ. ಹಾಕದ ವೋಟಿನ ಲೆಕ್ಕ ಕೇಳಲು ಬಂದೆನೆಂದು ಅವಳು ಅಂದುಕೊಂಡುಬಿಟ್ಟರೆ…