ಹೆತ್ತಪ್ಪನ ಕೈ

ರಾಗಿಗುಡ್ಡ, ಶಿವಮೊಗ್ಗ
೧೨ ಫೆಬ್ರವರಿ ೧೯೪೧

ಚಿರಂಜೀವಿ ಕರಿಯಣ್ಣನಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದ.

ಮೈಯಲ್ಲಿ ಹುಷಾರಾಗಿದ್ದೀಯಾ? ಮುಂಬಯಿಯ ಗಿರಣಿಗಳಲ್ಲಿ ಹತ್ತಿಯ ಧೂಳು ಎದೆಗೆ ಇಳಿಯುತ್ತದೆ ಎಂದು ಕೇಳಿದ್ದೇನೆ. ಚಿಕ್ಕಂದಿನಿಂದಲೂ ನಿನಗೆ ಕೆಮ್ಮು ಹತ್ತಿದರೆ ಬಿಡುತ್ತಿರಲಿಲ್ಲ, ಬಿಸಿನೀರು ಕುಡಿ. ನಿನ್ನ ಅವ್ವ ಹುಚ್ಚಮ್ಮನ ಮಂಡಿನೋವು ಹಾಗೇ ಇದೆ. ನನಗೆ ಏನೂ ಆಗಿಲ್ಲ, ಸಾಕಾಗಿದೆ ಅಷ್ಟೆ. ಹಿಂದೆ ಬರೆದ ಕಾಗದಗಳಿಗೆ ನೀನು ಉತ್ತರ ಕೊಡಲಿಲ್ಲ. ಕಾಗದ ನಿನ್ನ ಕೈಗೇ ಕೊಟ್ಟೆನೆಂದು ನಮ್ಮ ಕೇರಿಯ ಶಿವರಾಮ ಬಂದು ಹೇಳಿದ. ಅಲ್ಲಿ ನಿನಗೆ ಇನ್ನೊಂದು ಸಂಸಾರ ಇದೆಯೆಂದೂ ಹೇಳಿದ. ಬೈಯಲು ಕೂತಿಲ್ಲ, ಅದಕ್ಕೂ ಶಕ್ತಿ ಬೇಕಲ್ಲ. ನೀನು ಎಲ್ಲಿದ್ದೀಯೆಂದು ನನಗೂ ಶಿವರಾಮನಿಗೂ ಬಿಟ್ಟರೆ ಇಲ್ಲಿ ಯಾರಿಗೂ ಗೊತ್ತಿಲ್ಲ. ನಿನ್ನ ಅವ್ವನಿಗೂ ಹೇಳಿಲ್ಲ, ಹೇಳಿದರೆ ಆ ಸಂಸಾರದ ಮಾತನ್ನೂ ಹೇಳಬೇಕಾಗುತ್ತದೆ.

ನೀನು ಬಿಟ್ಟುಹೋದ ಮೇಲೆ ಕುಲದವರು ನಿನ್ನ ಹೆಂಡತಿ ಶಾಂತಮ್ಮನಿಗೆ ಬಿಡುಗಡೆ ಕೊಟ್ಟದ್ದು, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿರುವ ಪುಟ್ಟಣ್ಣ ಅವಳಿಗೆ ಸೀರೆ ಉಡಿಸಿ ಮನೆ ತುಂಬಿಸಿಕೊಂಡದ್ದು ಹಿಂದೆಯೇ ಬರೆದಿದ್ದೆ. ನಿನ್ನ ಮಗ ಮಾರಪ್ಪ ಅವರ ಜೊತೆ ನ್ಯೂ ಟೌನಿನಲ್ಲಿ ಬೆಳೆಯುತ್ತಿದ್ದಾನೆ. ಪುಟ್ಟಣ್ಣ ಒಳ್ಳೆಯವನು ಮಾರಾಯ. ಕುಲುಮೆಯ ಕೆಲಸ ಮುಗಿಸಿ ಬಂದವನು ಕೈಕಾಲು ತೊಳೆಯುವ ಮೊದಲೇ ಹುಡುಗ ಉಂಡನೇ ಎಂದು ಕೇಳುತ್ತಾನೆ. ಅವನಿಗೆ ಬೇರೆ ಮಕ್ಕಳಿಲ್ಲ. ಆದರೆ ಹಿರಿಯರ ಹಬ್ಬದಲ್ಲಿ ಎಡೆ ಇಡುವಾಗ ಅವನ ಅಣ್ಣತಮ್ಮಂದಿರು, ಇವನು ಬೇರೆ ಬೆಡಗಿನವನು, ನಮ್ಮ ವಂಶದವನಲ್ಲ ಎಂದು ಮಾರನನ್ನು ಹೊಸಿಲಾಚೆ ಕೂರಿಸಿದರು. ಅದನ್ನು ಸಹಿಸಲಾರದೆ ಪುಟ್ಟಣ್ಣ ಹುಡುಗನನ್ನು ದತ್ತು ತೆಗೆದುಕೊಳ್ಳಲು ಹೊರಟ.

ಅಲ್ಲೇ ಎಡವಟ್ಟಾಯಿತು. ಮೊದಲು ಹೆತ್ತಪ್ಪ ಮಗುವಿನ ಕೈ ಹಿಡಿದು ಕೊಡಬೇಕು, ಆಮೇಲೆ ತೆಗೆದುಕೊಳ್ಳುವವನು ಅರಿಸಿನದ ನೀರು ಕುಡಿಸಬೇಕು, ಇದು ನಮ್ಮವರ ಕಟ್ಟಳೆ. ಪುಟ್ಟಣ್ಣನಿಗೋ ಆತುರ. ಕುಲದ ಯಜಮಾನ ಭೂತಪ್ಪ ಬರುವ ಮೊದಲೇ ಹುಡುಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ನೀರು ಕುಡಿಸಿಬಿಟ್ಟ. ನಾನೇ ಕೊಡುತ್ತೇನೆ ಎಂದರೂ ಭೂತಪ್ಪ ಒಪ್ಪಲಿಲ್ಲ. "ಅಜ್ಜನ ಕೈ ಆಗಲ್ಲ ಹೊನ್ನಯ್ಯ, ಹೆತ್ತಪ್ಪನ ಕೈಯೇ ಬೇಕು. ಅವನು ಸತ್ತೋಗಿದ್ರೆ ತಾಯಿ ಕೊಡ್ಬೋದಿತ್ತು" ಎಂದ. ಈಗ ಅರಿಸಿನದ ನೀರು ಕುಡಿದದ್ದರಿಂದ ಮಾರ ನಮ್ಮ ಬೆಡಗಿನಿಂದ ಹೋದ ಲೆಕ್ಕ, ಕೊಟ್ಟವರಿಲ್ಲದ್ದರಿಂದ ಅವರ ಬೆಡಗಿಗೆ ಸೇರಲೂ ಇಲ್ಲ. ಮೊನ್ನೆ ಬಂದವನು ನಮ್ಮ ದೇವರ ಕೋಣೆಯ ಮುಂದೆ ನಿಂತು, "ಅಜ್ಜ, ಇಲ್ಲಿಗಾದ್ರೂ ಬರ್ಬೋದಾ?" ಎಂದು ಕೇಳಿದ. ನಿನ್ನ ಅವ್ವ ಕಣ್ಣೊರೆಸಿಕೊಂಡು ಅಡಿಗೆಮನೆಗೆ ಹೋದಳು.

ಒಮ್ಮೆ ಬಂದು ಹೋಗು ಕರಿಯಣ್ಣ. ಭದ್ರಾವತಿಯಲ್ಲೇ ರೈಲು ಇಳಿ, ನಮ್ಮ ಮನೆಗೆ ಬರದಿದ್ದರೂ ಸರಿ. ಯಾರೂ ನಿನ್ನನ್ನು ಏನೂ ಕೇಳದಂತೆ ನಾನು ನೋಡಿಕೊಳ್ಳುತ್ತೇನೆ. ಹುಡುಗನ ಕೈಯನ್ನು ಪುಟ್ಟಣ್ಣನ ಕೈಯಲ್ಲಿಟ್ಟು ಅದೇ ದಿನ ತಿರುಗಿ ಹೊರಡು. ಇರುವ ಒಬ್ಬ ಮೊಮ್ಮಗನನ್ನು ಬಿಟ್ಟುಕೊಡಲು ನನಗೂ ಕರುಳು ಹಿಂಡುತ್ತದೆ. ಆದರೂ ಅವನು ಯಾವುದಾದರೂ ಒಂದು ಮನೆಯವನಾಗಲಿ.

ದೇವರು ನಿನ್ನನ್ನೂ ಅಲ್ಲಿ ನಿನ್ನನ್ನು ನಂಬಿದವರನ್ನೂ ಚೆನ್ನಾಗಿಟ್ಟಿರಲಿ.

ಇಂತಿ,
ನಿನ್ನ ಅಪ್ಪ
ಹೊನ್ನಯ್ಯ

ತಾ. ಕ.: ಟಪ್ಪಾಲು ಹೋಗುವ ಹೊತ್ತಾಯಿತು. ಯುಗಾದಿಯವರೆಗೆ ಕಾಯುತ್ತೇನೆ. ನೀನು ಬಾರದಿದ್ದರೆ, ಮಗ ಸತ್ತ ಸುದ್ದಿ ಬಂತು ಎಂದು ಭೂತಪ್ಪನಿಗೆ ಹೇಳಿ ತಲೆಯ ಮೇಲೆ ನೀರು ಹುಯ್ದುಕೊಳ್ಳುತ್ತೇನೆ. ಶಾಂತಮ್ಮ ಮಗನನ್ನು ಕೊಡುತ್ತಾಳೆ. ಆಮೇಲೆ ನೀನು ಈ ಕಡೆ ಮುಖ ಹಾಕಬಾರದು. ಇದು ಸುಳ್ಳೆಂದು ನಿನ್ನ ಅವ್ವನಿಗೆ ನಾನು ಹೇಳುವುದಿಲ್ಲ. ಹೇಳಿದರೆ ಅವಳು ಅಳುವುದಿಲ್ಲ, ಅವಳು ಅಳದಿದ್ದರೆ ಕುಲದವರು ನಂಬುವುದಿಲ್ಲ.