ಥ್ಯಾಂಕ್ಸ್ ಜೊತೆಗೆ ಒಂದು ಕ್ಷಮೆ

ಸೆಪ್ಟೆಂಬರ್ 6, ಶನಿವಾರ

ಬಸ್ ಲೇಟು. ಹಳೇಬೀಡಿನಿಂದ ಜಾವಗಲ್‌ವರೆಗೂ ನಿಂತೇ ಬಂದೆ. ಅನಂತ ಚತುರ್ದಶಿ, ಉಪವಾಸ ಬೇರೆ. ಇಂಟರ್‌ವ್ಯೂ ಇವತ್ತೇ ಇಡಬೇಕಿತ್ತೇ ಇವರು!

ಹೇಗೋ ಮುಗಿಯಿತು. ಏರಿಯಾ ಮ್ಯಾನೇಜರ್ ಸಂಪತ್ಕುಮಾರ್ ಬಂದಿದ್ದರು. ಬೇಲೂರಿನ ಹೊಸ ಪಾರ್ಸೆಲ್ ಹಬ್‌ಗೆ ಟೀಮ್ ಲೀಡರ್ ಬೇಕು, ಒಳಗಿನವರಿಗೇ ಕೊಡುತ್ತಾರೆ. ನಮ್ಮ ಅರಸೀಕೆರೆ ಹಬ್ ದಸರಾ ಆದಮೇಲೆ ಮುಚ್ಚುತ್ತದೆ. ಅಂದರೆ ಇದು ಸಿಕ್ಕರೆ ಕೆಲಸ, ಇಲ್ಲದಿದ್ದರೆ ಮನೆ. ಬೇಲೂರು ನಮ್ಮೂರಿಗೆ ಎಷ್ಟು ಹತ್ತಿರ... ಆಸೆ ಪಡಬಾರದು. ಪಟ್ಟಾಗಿದೆ.

ಕೊನೆಯ ಪ್ರಶ್ನೆ ಮಾತ್ರ ಬೇರೆ. "ಗೌರಿ ಹಬ್ಬದ ಸೇಲ್‌ನಲ್ಲಿ ಮೊಬೈಲ್ ಪಾರ್ಸೆಲ್ ಕಾಣೆಯಾದ್ವಲ್ಲ, ನಿಮಗೇನಾದ್ರೂ ಗೊತ್ತಾ?" "ಇಲ್ಲ ಸರ್." ನಿಜವಾಗಿಯೂ ಗೊತ್ತಿಲ್ಲ. ಆದರೂ ಕಳ್ಳಿಯ ಹಾಗೆ ಬೆವರಿದೆ.

ಸಂಜೆ ಹಬ್ ಇನ್‌ಚಾರ್ಜ್ ಕರಿಬಸವಯ್ಯ ಸರ್ ಬೈಕಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟರು. "ಯೋಚ್ನೆ ಬಿಡು ದರ್ಶಿನಿ. ನಿಂಗೇ ಆಗ್ತೈತೆ. ಸಾಹೇಬ್ರಿಗೆ ಒಂದು ಥ್ಯಾಂಕ್ಸ್ ಮೆಸೇಜ್ ಹಾಕ್ಬಿಡಮ್ಮ, ಈಗೆಲ್ಲಾ ಅದ್ನೇ ನೋಡೋದು." ನನ್ನನ್ನು ಈ ಕೆಲಸಕ್ಕೆ ಸೇರಿಸಿದವರೂ ಅವರೇ.

ಸೆಪ್ಟೆಂಬರ್ 8, ಸೋಮವಾರ

ನಿನ್ನೆಯೆಲ್ಲ ಬರೆದು ಅಳಿಸಿದ್ದೇ ಆಯಿತು. "ರೆಸ್ಪೆಕ್ಟೆಡ್ ಸರ್" ದಾಟಲಿಲ್ಲ.

ಇವತ್ತು ನಮ್ಮ ಜೈನರ ಕ್ಷಮಾವಾಣಿ ಹಬ್ಬ. ಬಸದಿಯಲ್ಲಿ ಎಲ್ಲರೂ ಎಲ್ಲರಿಗೂ ಕೈಮುಗಿದು ಕ್ಷಮೆ ಕೇಳಿದ್ದಾಯಿತು. ಮಾತು ಬಿಟ್ಟಿದ್ದ ದೊಡ್ಡಮ್ಮನನ್ನೂ ಕೇಳಿದೆ. ಮನೆಗೆ ಬಂದು ಅಮ್ಮನಿಗೆ ಮೆಸೇಜ್ ಓದಿ ಹೇಳಿದೆ.

"ಬರೀ ಥ್ಯಾಂಕ್ಸಾ? ಒಣಒಣ. ಇವತ್ತಿನ ದಿನ ಒಂದು ಕ್ಷಮೆ ಕೇಳೇ, ದೊಡ್ಡೋರು."

ಸರಿ ಅನ್ನಿಸಿತು. ವರ್ಷವೂ ಎಲ್ಲರಿಗೂ ಕಳಿಸುವ ಸಾಲೇ ತಾನೇ. "ಅವಕಾಶ ಕೊಟ್ಟಿದ್ದಕ್ಕೆ ಧನ್ಯವಾದ ಸರ್. ಗೊತ್ತಿದ್ದೋ ಗೊತ್ತಿಲ್ಲದೆಯೋ ನನ್ನಿಂದ ತಪ್ಪಾಗಿದ್ದರೆ ದಯವಿಟ್ಟು ಕ್ಷಮಿಸಿ." ಕಳಿಸಿದೆ. ಮನಸ್ಸು ಹಗುರ.

ಸಂಜೆ — ನೀಲಿ ಟಿಕ್ ಬಂದಿದೆ. ಉತ್ತರ ಇಲ್ಲ.

ಸೆಪ್ಟೆಂಬರ್ 9, ಮಂಗಳವಾರ

ಉತ್ತರ ಬಂತು. "ಯಾವ ತಪ್ಪು? ಶುಕ್ರವಾರ ಬೇಲೂರು ಹಬ್‌ಗೆ ಬನ್ನಿ. ಈ ವಿಷಯ ಯಾರ ಹತ್ತಿರವೂ ಮಾತಾಡಬೇಡಿ."

ನನ್ನ ಮೆಸೇಜನ್ನು ಅವರು ಓದಿದ ಹಾಗೆ ಓದಿ ನೋಡಿದೆ. ಅಯ್ಯೋ ದೇವರೇ... ತಪ್ಪೊಪ್ಪಿಗೆ! ಹಬ್ಬದ ಹೆಸರನ್ನಾದರೂ ಹಾಕಬಾರದಿತ್ತೇ? ಅವರಿಗೇನು ಗೊತ್ತು ನಮ್ಮ ಕ್ಷಮಾವಾಣಿ!

ಫೋನ್ ಮಾಡಿದೆ, ಎತ್ತಲಿಲ್ಲ. ಉದ್ದಕ್ಕೆ ಬರೆದೆ — ಇದು ನಮ್ಮ ಪದ್ಧತಿ ಸರ್, ಎಲ್ಲರನ್ನೂ ಕೇಳುತ್ತೇವೆ ಸರ್. "ಶುಕ್ರವಾರ ಹೇಳಿ." ಅಷ್ಟೇ. ವಿವರಿಸಿದಷ್ಟೂ ಸುಳ್ಳಿನ ಹಾಗೆ ಕಾಣುತ್ತದೆ.

ಅಮ್ಮನ ಮೇಲೆ ರೇಗಿದೆ. ಕ್ಷಮೆ ಕೇಳಿ ಒಂದು ದಿನವಾಗಿಲ್ಲ. "ನೀನೇನೂ ಮಾಡಿಲ್ಲ ಅಂದ್ಮೇಲೆ ಹೆದರೋದ್ಯಾಕೇ?" ಅಂದಳು. ಹೇಗೆ ಹೇಳಲಿ? ಇಲ್ಲಿ ನಮ್ಮವರ ಮನೆ ಇರುವುದೇ ಬೆರಳೆಣಿಕೆಯಷ್ಟು. ಕದ್ದವಳು ಅಂತ ಒಂದು ಸಲ ಮಾತು ಹುಟ್ಟಿದರೆ ಬಸದಿಗೆ ಯಾವ ಮುಖ ಹೊತ್ತು ಹೋಗುವುದು?

ಸೆಪ್ಟೆಂಬರ್ 11, ಗುರುವಾರ

ನಿನ್ನೆ ಬರೆಯಲಾಗಲಿಲ್ಲ. ಊಟವೂ ಸೇರಲಿಲ್ಲ.

ಮಧ್ಯಾಹ್ನ ಕರಿಬಸವಯ್ಯ ಸರ್ ನನ್ನ ಸ್ಕ್ಯಾನಿಂಗ್ ಟೇಬಲ್ ಹತ್ತಿರ ಬಂದರು. ಮುಖ ಕಪ್ಪಿಟ್ಟಿತ್ತು. ನಾಳೆ ಅವರಿಗೂ ಬುಲಾವಂತೆ.

"ಏನಮ್ಮ ಬರ್ದೆ ಸಾಹೇಬ್ರಿಗೆ?"

"ಥ್ಯಾಂಕ್ಸ್ ಸರ್. ನೀವೇ ಹೇಳಿದ್ರಲ್ಲ."

"ತಪ್ಪು ಗಿಪ್ಪು ಅಂತ ಏನೋ ಬರ್ದಿದೀಯಂತೆ?"

ಹಬ್ಬದ ವಿಷಯ ಹೇಳಿದೆ. ಕಿವಿಗೇ ಹಾಕಿಕೊಳ್ಳಲಿಲ್ಲ. ಸುತ್ತ ನೋಡಿ, ದನಿ ತಗ್ಗಿಸಿ — "ನನ್ ಹೆಸ್ರು ಹೇಳ್ದ್ಯಾ? ನೀನು ನೋಡಿದ್ದು ಅವತ್ತೊಂದಿನ ತಾನೇ?"

ನಾನು ಯಾವತ್ತೂ ಏನನ್ನೂ ನೋಡಿಲ್ಲ.

ಮೊಬೈಲ್ ತೆಗೆದವರು ಇವರೇ! ನನಗೆ ಗೊತ್ತಿರಲಿಲ್ಲ ಅನ್ನುವುದು ಅವರಿಗೂ ಆಗಲೇ ಹೊಳೆಯಿತು. ಟೇಬಲ್ ಮೇಲೆ ಪಾರ್ಸೆಲ್ ರಾಶಿ ಬಿದ್ದಿತ್ತು.

"ಮನೇಲಿ ಮಗಳ ಬಾಣಂತನ ಐತೆ ಕಣಮ್ಮ," ಅಂದರು. ತಿರುಗಿ ನೋಡದೆ ಹೋದರು. ಸಂಜೆ ಬಸ್‌ಸ್ಟ್ಯಾಂಡಿಗೆ ನಡೆದೇ ಹೋದೆ.

ಮಧ್ಯಾಹ್ನದವರೆಗೆ ನನ್ನ ಹೆಸರು ಹೋಗುತ್ತದಲ್ಲ ಅಂತ ಭಯ. ಈಗ ಉಳಿಸಿಕೊಳ್ಳುವ ದಾರಿ ಕಂಡಿದೆ, ಅದಕ್ಕೂ ಭಯ.

ಸೆಪ್ಟೆಂಬರ್ 12, ಶುಕ್ರವಾರ. ಬೇಲೂರು

ಹೊಸ ಹಬ್‌ನ ಹೊರಗಿನ ಬೆಂಚು. ಬಣ್ಣದ ವಾಸನೆ ಇನ್ನೂ ಹೋಗಿಲ್ಲ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

ಸಂಪತ್ಕುಮಾರ್ ಒಂದು ಸಲ ಕರೆದು ಕೂರಿಸಿದರು. ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. "ಹಬ್ಬ ಅಂತೀರಿ, ಸರಿ. ತಪ್ಪು ನಿಮ್ಮದಲ್ಲ ಅಂದ್ರೆ ಯಾರದು ಹೇಳಿ. ಇಲ್ಲಾಂದ್ರೆ ನನ್ನ ಹತ್ರ ಇರೋದು ನಿಮ್ಮ ಮೆಸೇಜ್ ಒಂದೇ. ಹೊರಗೆ ಕೂತು ಯೋಚ್ನೆ ಮಾಡಿ ಬನ್ನಿ."

ಎದುರು ಬೆಂಚಿನಲ್ಲಿ ಕರಿಬಸವಯ್ಯ ಸರ್. ಇಸ್ತ್ರಿ ಮಾಡಿದ ಶರ್ಟು. ಕಾಲು ಅಲುಗಾಡಿಸುತ್ತಲೇ ಇದ್ದಾರೆ. ನನ್ನ ಕಡೆ ನೋಡುತ್ತಿಲ್ಲ.

ಹೇಳಬೇಕು. ನಾನು ಕದ್ದಿಲ್ಲ... ಆದರೆ ಅನ್ನ ಕೊಟ್ಟವರು. ಆ ಮಗಳು, ಆ ಕೂಸು... ನನಗೆ ಗೊತ್ತಿಲ್ಲ ಅಂದುಬಿಡುತ್ತೇನೆ. ಕೆಲಸ ಹೋದರೆ ಹೋಗಲಿ, ಅವರ ಹೆಸರು ನನ್ನ ಬಾಯಿಂದ ಬೇಡ.

ಅವರು ಎದ್ದರು. ಬಾಗಿಲು ತಟ್ಟಿದರು. ನನಗಿಂತ ಮೊದಲೇ ಒಳಗೆ ಹೋದರು. ಒಪ್ಪಿಕೊಳ್ಳುವುದಕ್ಕೇ ಇರಬೇಕು. ಒಳ್ಳೆಯವರು.

ಬಾಗಿಲು ಪೂರ್ತಿ ಮುಚ್ಚಿಲ್ಲ. ಮಾತು ಕೇಳಿಸುತ್ತಿದೆ.

"ಹುಡ್ಗಿ ಒಳ್ಳೇಳೇ ಸಾರ್. ಮನೇಲಿ ಕಷ್ಟ ಐತೆ, ಅದ್ಕೇ ಏನೋ ಒಂದ್ಸಲ—"